ಹನ್ನೊಂದು ದೂರು, ಒಂದೇ ಫೋನು

ಒಂದೇ ಫೋನಿನಿಂದ, ಒಂದೇ ಮಧ್ಯಾಹ್ನ, ಒಂದೇ ಒಕ್ಕಣೆಯ ಹನ್ನೊಂದು ದೂರು: “ಬೆರಳು ತಗೊಳ್ತಾ ಇಲ್ಲ. ಬೆರಳಿಲ್ಲದೆ ಮಗು ಕೊಡೋ ಹಾಗೆ ಮಾಡಿ.” ಕೆಳಗೆ ಮಗುವಿನ ಹೆಸರು ಮಾತ್ರ ಬೇರೆ ಬೇರೆ. ಊರು ಶಿಡ್ಲಘಟ್ಟ.

ಅಪೇಕ್ಷಾಳ ಹುಬ್ಬು ಗಂಟಾಯಿತು. ‘ಮಡಿಲು’ ಎಂಬುದು ಕೂಲಿ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುಮನೆಗಳಿಗೆಂದು ಹತ್ತಾರು ಜನ ಸಂಬಳವಿಲ್ಲದೆ ಬರೆದ ಮುಕ್ತ ತಂತ್ರಾಂಶ. ಬೆಳಿಗ್ಗೆ ಮಗುವನ್ನು ಬಿಟ್ಟವರ ಬೆರಳಚ್ಚು ಸಂಜೆ ಹೊಂದಿದರೆ ಮಾತ್ರ ಮಗು ಕೈಗೆ. ಬಂದ ದೂರುಗಳನ್ನು ಓದಿ, ಇದು ದೋಷ, ಇದು ಕಸ ಎಂದು ವಿಂಗಡಿಸಿ, ಸರಿಪಡಿಸಬೇಕಾದವರ ತಲೆಗೆ ಕಟ್ಟುವುದು ಚಿಕ್ಕಬಳ್ಳಾಪುರದಲ್ಲಿ ಕೂತ ಅಪೇಕ್ಷಾಳ ಪಾಲಿನ ಕೆಲಸ. ಕಾಲೇಜಿನ ಪಾಠ ಮುಗಿಸಿ ಬಂದು, ಪಡಸಾಲೆಯ ಮೇಜಿನ ಮೇಲೆ ಅದನ್ನು ಹರಡಿಕೊಳ್ಳುತ್ತಿದ್ದಳು.

“ಒಂದೇ ಕೈ, ಹನ್ನೊಂದು ಅರ್ಜಿ,” ಎಂದರು ತಾತ ಅನಂತರಾಮಯ್ಯ, ಕನ್ನಡಕ ಏರಿಸಿ ಪರದೆಗೆ ಬಗ್ಗಿ. ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. “ಬರೆದೋನು ಒಬ್ಬ ಇದಾನೆ ಕಣಮ್ಮ. ಉಳಿದ ಹತ್ತು ಜನ ಹುಟ್ಟೇ ಇಲ್ಲ.”

ಯೋಜನೆಯ ಮುಂದಾಳು ರಘುನಂದನ್ ಗೌರಿಬಿದನೂರಿನಿಂದ ಫೋನಿನಲ್ಲಿ ಇನ್ನೂ ಖಚಿತವಾಗಿದ್ದ. “ನನ್ ಬೆರಳು ಇಟ್ಟೆ, ತಗೊಳ್ತು. ಅಮ್ಮನ್ದು ಇಡಿಸಿದೆ, ತಗೊಳ್ತು. ಇಪ್ಪತ್ತು ಸಲ ನೋಡಿದೀನಿ. ಬೆರಳಿಲ್ಲದೆ ಮಗು ಕೊಡಿ ಅಂತ ಯಾವ ತಾಯಿ ಕೇಳ್ತಾಳೆ ಹೇಳು? ಕಳ್ಳ ಕೇಳ್ತಾನೆ. ಕ್ಲೋಸ್ ಮಾಡು.”

ಆ ವಾರವೆಲ್ಲ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶವೇ ಓಡಾಡುತ್ತಿತ್ತು. ಹನ್ನೊಂದಕ್ಕೂ ಅಪೇಕ್ಷಾ ಒಂದೇ ಲೇಬಲ್ ಅಂಟಿಸಿದಳು: ‘ಪರೀಕ್ಷಿಸಿದಾಗ ದೋಷ ಕಾಣಲಿಲ್ಲ’. ಮುಚ್ಚಿದಳು.

ಮುಚ್ಚಿದ್ದು ಮನಸ್ಸಿನಲ್ಲಿ ಮುಚ್ಚಿದ ಹಾಗೆ ಇರಲಿಲ್ಲ. ಶನಿವಾರ ಹೊಸ ಆವೃತ್ತಿ ಬಿಡುಗಡೆ. ಅದರಲ್ಲಿ, ತಿಂಗಳಿಗೆ ಹತ್ತು ದಿನ ಬೆರಳು ಹೊಂದದಿದ್ದರೆ ಆ ಮಗುವಿನ ಹೆಸರು ತಾನಾಗಿಯೇ ಪಟ್ಟಿಯಿಂದ ಬೀಳುತ್ತದೆ. ದೂರು ಸುಳ್ಳಾದರೆ ಕಳ್ಳ ಸಿಗಬೇಕು. ನಿಜವಾದರೆ ಹನ್ನೊಂದು ಮಕ್ಕಳು ಬೀದಿಗೆ. ಶುಕ್ರವಾರ ರಜೆ ಹಾಕಿ ಬಸ್ಸು ಹತ್ತಿದಳು. ಸುಳ್ಳೇಕೆ ಹೇಳಬೇಕು, ಅವಳು ಹೊರಟದ್ದು ಕಳ್ಳನನ್ನು ಹಿಡಿಯುವುದಕ್ಕೇ.

ಶಿಶುಮನೆ ನೂಲು ಬಿಚ್ಚುವ ಘಟಕಗಳ ಸಾಲಿನ ಕೊನೆಯಲ್ಲಿತ್ತು. ಬೆಂದ ರೇಷ್ಮೆಹುಳುವಿನ ವಾಸನೆ ಗಂಟಲಿಗಿಳಿಯಿತು. ಅಪೇಕ್ಷಾ ಕಿಟಕಿಯಿಂದ ಬೆರಳಚ್ಚಿನ ಯಂತ್ರದ ಫೋಟೊ ತೆಗೆಯುತ್ತಿದ್ದಳು. ಹಿಂದಿನಿಂದ ಯಾರೋ ರಟ್ಟೆ ಹಿಡಿದರು.

“ಎವರಮ್ಮ ನುವ್ವು? ಮಕ್ಕಳ ಮನೆಗೆ ಫೋನ್ ಹಿಡ್ಕೊಂಡು ಇಣುಕ್ತಾ ಇದೀಯಲ್ಲ, ಯಾರು ನೀನು?”

ಮುದುಕಿ ಕದಿರಮ್ಮ. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದವಳು. ನೋಡನೋಡುತ್ತ ಏಳೆಂಟು ಹೆಂಗಸರು ಸುತ್ತುವರಿದರು.

“ನಾನು ಮಡಿಲು ಆ್ಯಪಿನೋಳು…”

“ಹಂಗಂತ ಹಣೇಲಿ ಬರ್ಕೊಂಡಿದೀಯಾ? ಕಾರ್ಡು ತೋರ್ಸು.”

ಕಾರ್ಡಿರಲಿಲ್ಲ. ಸಂಬಳವೇ ಇಲ್ಲದ ಕೆಲಸಕ್ಕೆ ಕಾರ್ಡೆಲ್ಲಿಯದು? ಅಪೇಕ್ಷಾ ಊರಿನ ನಂಟು ಹುಡುಕಿದಳು. “ನಮ್ ತಾತ ಇಲ್ಲೇ ತಾಲ್ಲೂಕು ಆಫೀಸಲ್ಲಿದ್ರು. ಅನಂತರಾಮಯ್ಯ ಅಂತ.”

ಕದಿರಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. “ನನ್ ವಿಧವಾ ಪೆನ್ಷನ್ ಅರ್ಜೀನ ಮೂರು ಸಲ ವಾಪಸ್ ಎಸೆದ್ನಲ್ಲ, ಆಯಪ್ಪನಾ? ಲಕ್ಷ್ಮಿದೇವಮ್ಮ, ಬಾರೇ ಇಲ್ಲಿ. ಈ ಮೂಗು ನೋಡು.”

ಶಿಶುಮನೆಯ ಆಯಾ ಲಕ್ಷ್ಮಿದೇವಮ್ಮ ಒಳಗಿನಿಂದ ಬಂದು ದಿಟ್ಟಿಸಿದಳು. “ಹೂಂ ಕಣಕ್ಕ. ಅದೇ ಮೂಗು. ಬಿಡ್ರೇ ಪಾಪ.”

ನಗು ಎದ್ದಿತು, ಹಿಡಿತ ಸಡಿಲಾಯಿತು. ಇಬ್ಬರು ಗುರುತು ಹೇಳಿದ್ದಕ್ಕೆ ಅಪೇಕ್ಷಾ ಬಚಾವಾದಳು.

ದೂರು ಕಳಿಸಿದವಳು ಲಕ್ಷ್ಮಿದೇವಮ್ಮನೇ. “ಒಂದು ದೂರಲ್ಲಿ ಒಂದೇ ವಿಷಯ ಬರೀರಿ ಅಂತ ಮೇಲ್ಗಡೆ ಹಾಕಿದ್ರಿ. ಹನ್ನೊಂದು ಮಕ್ಕಳು, ಹನ್ನೊಂದು ಬರ್ದೆ. ಕಷ್ಟ ಒಂದೇ ಆದ್ರೆ ಮಾತು ಬೇರೆ ಬೇರೆ ಎಲ್ಲಿಂದ ತರ್ಲಿ ತಾಯಿ?”

ಆ ಸೂಚನೆ ಬರೆದವಳು ಅಪೇಕ್ಷಾ. ಅದನ್ನು ಅಕ್ಷರಶಃ ಪಾಲಿಸಿದವಳನ್ನೇ ಅವಳು ಕಳ್ಳಿ ಎಂದುಕೊಂಡಿದ್ದಳು.

“ಈಗ ನೋಡಿ,” ಎಂದು ಗುಂಪಿನಿಂದ ಕವಿತ ಎಂಬ ತಾಯಿ ಮುಂದೆ ಬಂದಳು. ಒಂಬತ್ತು ವರ್ಷದಿಂದ ಕುದಿನೀರಿನ ಬೇಸಿನ್ನಿನಲ್ಲಿ ರೇಷ್ಮೆಗೂಡು ಅದ್ದಿ ಎಳೆ ಹುಡುಕುವ ಕೈ. ಬೆರಳ ತುದಿಗಳು ಬಚ್ಚಲ ಸೋಪಿನ ಚೂರಿನಂತೆ ನುಣುಪಾಗಿದ್ದವು. ಒಂದು ಗೆರೆಯೂ ಇಲ್ಲ. ಇಟ್ಟಳು, ಕೆಂಪು ದೀಪ. ಒರೆಸಿ ಇಟ್ಟಳು, ಕೆಂಪು. ಒಳಗೆ ಅವಳ ಮಗ ತಟ್ಟೆ ಬಡಿಯುತ್ತಿದ್ದ.

“ಚಿಂತಾಮಣಿಯಿಂದ ಸೂಪರ್‌ವೈಜರಮ್ಮ ಬಂದು ಒಪ್ಪಿಗೆ ಕೊಡೋ ತನಕ ನನ್ ಮಗೂನ ನಾನೇ ಕಿಟಕೀಲಿ ನೋಡ್ಕೊಂಡು ನಿಲ್ಬೇಕು. ನಾಳೆಯಿಂದ ಹೆಸರೇ ಹೊಡೀತಾರಂತಲ್ಲ? ಇವನ್ನ ಬೇಸಿನ್ ಪಕ್ಕ ಕೂರಿಸ್ಕೊಳ್ಳಾ? ಹೋದ ವರ್ಷ ಪಕ್ಕದ ಘಟಕದಲ್ಲಿ ಒಂದು ಕೂಸು ಬಿದ್ದು ಬೆಂದೋಯ್ತು, ಗೊತ್ತಾ ನಿಮ್ಗೆ?”

ಗೊತ್ತಿರಲಿಲ್ಲ. ನಾಡಿಗೆ ಸೀರೆಯ ನೂಲು ಕೊಟ್ಟು ಗೆರೆ ಕಳೆದುಕೊಂಡ ಕೈಯನ್ನು, ಗೆರೆಯಿಲ್ಲ ಎಂದು ಬಾಗಿಲಲ್ಲಿ ನಿಲ್ಲಿಸುವ ಯಂತ್ರ! ಅದಕ್ಕೆ ಇಪ್ಪತ್ತು ಸಲ ಬೆರಳಿಟ್ಟು ‘ಸರಿಯಿದೆ’ ಎಂದವರದ್ದು ಕೀಲಿಮಣೆಯ ಮೇಲಷ್ಟೇ ಓಡಾಡಿದ ಬೆರಳು.

ಅಪೇಕ್ಷಾ ಮೆಟ್ಟಿಲ ಮೇಲೆ ಕೂತು ಫೋನು ತೆರೆದಳು. ಮುಚ್ಚಿದ್ದ ಮೊದಲ ದೂರನ್ನು ಮತ್ತೆ ತೆರೆದಳು. ‘ದೋಷವನ್ನು ಮತ್ತೆ ಕಾಣುವ ಬಗೆ’ ಎಂಬಲ್ಲಿ ಬರೆದಳು: ಕುದಿನೀರಿನಲ್ಲಿ ಒಂಬತ್ತು ವರ್ಷ ಕೈಯಿಡಿ. ಆಮೇಲೆ ಬೆರಳೊತ್ತಿ. ಪರಿಹಾರ: ಶಿಶುಮನೆಗೆ ಪರಿಚಿತರಾದ ಇಬ್ಬರು ಗುರುತು ಹೇಳಿ ಹೆಸರು ದಾಖಲಿಸಿದರೆ ಮಗು ಕೊಡಬೇಕು. ಲೇಬಲ್: ‘ಬಿಡುಗಡೆಗೆ ತಡೆ’. ಹೊಣೆ: ರಘುನಂದನ್. ಎರಡನೆಯದನ್ನೂ ಹಾಗೆಯೇ ತೆರೆದಳು.

ಎರಡು ನಿಮಿಷಕ್ಕೆ ಅವನ ಫೋನು. “ತಲೆ ಕೆಟ್ಟಿದೆಯೇನೇ? ಆ ಇಬ್ಬರೂ ಕಳ್ಳರಾದ್ರೆ?”

“ಅದನ್ನ ಹೆಂಗೆ ತಡೆಯೋದು ಅಂತ ಕೂತು ಯೋಚ್ನೆ ಮಾಡು. ಅದಕ್ಕೇ ನಿನ್ ಹೆಸರಿಗೆ ಹಾಕಿರೋದು. ಇವರ ಮಕ್ಕಳನ್ನ ಹೊರಗೆ ಹಾಕೋದು ಪರಿಹಾರ ಅಲ್ಲ.”

ಅವನು ಉಸಿರು ಬಿಟ್ಟ. “ಸರಿ, ನಾಳೆ ರಿಲೀಸ್ ನಿಲ್ಲಿಸ್ತೀನಿ. ಆದ್ರೆ ಹನ್ನೊಂದನ್ನೂ ಯಾಕೆ ಒಂದೊಂದಾಗಿ ಮತ್ತೆ ತೆರೀತಿದೀಯ? ಎಲ್ಲಾ ಒಂದೇ ತಾನೇ? ಒಂದರೊಳಗೆ ಸೇರಿಸು, ನನ್ ಪಟ್ಟಿ ಉದ್ದ ಆಗುತ್ತೆ.”

“ಆಗ್ಲಿ,” ಎಂದಳು. “ಹನ್ನೊಂದು ಮಕ್ಕಳು ಕಣೋ.”

ಫೋನಿಟ್ಟು, ಮುಂದಿನ ಹೆಸರನ್ನು ಒತ್ತಿದಳು.