ಹೊಸ್ತಿಲ ಒಡಪು

ಕಾರ್ತಿಕದ ಇಳಿಬಿಸಿಲು! ಸಹೃದಯರೇ, ಕೃಷ್ಣೆಯ ದಂಡೆಯ ಮೇಲೆ ಆ ಬಿಸಿಲು ಇಳಿಯುವ ಬಗೆಯನ್ನು ಬಾಳಿನಲ್ಲಿ ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಮಳೆಗಾಲದ ಕೆಂಪನ್ನೂ ಕೋಪವನ್ನೂ ಕಳೆದುಕೊಂಡು, ನಿರ್ಮಲಸಲಿಲೆಯಾಗಿ, ಯಾರ ಅವಸರಕ್ಕೂ ಸೊಪ್ಪು ಹಾಕದೆ ಹರಿಯುವ ಆ ಹೊಳೆ. ಅದರ ಎರಡೂ ಮಗ್ಗುಲಿಗೆ ಕಣ್ಣು ಹಾಯುವಷ್ಟು ದೂರ ಕಬ್ಬು, ಕಬ್ಬು, ಬರೀ ಕಬ್ಬು... ಆ ಹಸುರಿನ ತುದಿತುದಿಗೆ ಮೂಡಿದ ಬೆಳ್ಳನೆಯ ಸೂಲಂಗಿ ಹೂಗಳು, ಅಸ್ತೋನ್ಮುಖನಾದ ಸೂರ್ಯನ ಹೊಂಗಿರಣ ಸೋಕಿದೊಡನೆ, ಹಚ್ಚಿಟ್ಟ ಆರತಿಗಳಂತೆ ಸಾಲುಸಾಲಾಗಿ ಬೆಳಗುತ್ತವೆ. ಉಗಾರ ಖುರ್ದದ ಹಳೆಯ ಸಕ್ಕರೆ ಕಾರ್ಖಾನೆ ಆಗತಾನೇ ಮಳೆಗಾಲದ ನಿದ್ದೆಯಿಂದ ಎದ್ದಿತ್ತು. ಕುದಿಯುವ ಕಬ್ಬಿನ ಹಾಲಿನ ಮಧುರಗಂಧ ಊರ ಮೇಲೆಲ್ಲ ಹರಡಿ, ಯಾರ ಮನೆಯಲ್ಲಿ ಸಿಹಿ ಮಾಡಿದ್ದಾರೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಹೊಸಬರಿಗೆ ತಿಳಿಯದಂತಾಗಿತ್ತು.

ಅಂಥ ಒಂದು ಸಂಜೆ ಸಾವಿತ್ರೆವ್ವನ ಮನೆಯಂಗಳದ ಹಂದರದಲ್ಲಿ ಸಂಭ್ರಮ ಉಕ್ಕಿ ಹರಿಯುತ್ತಿತ್ತು. ಅವಳ ಸೊಸೆ ಭಾಗ್ಯಾಳಿಗೆ ಕುಬಸ! ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಮೊಣಕೈವರೆಗೂ ಹಸಿರು ಬಳೆ ತೊಡಿಸಿ, ಮಲ್ಲಿಗೆಯ ದಂಡೆ ಮುಡಿಸಿ, ಹೂ ಸುತ್ತಿದ ಜೋಕಾಲಿಯಲ್ಲಿ ಕೂಡಿಸಿದ್ದರು. ಮೀರಜ, ಸಾಂಗಲಿಗಳಿಂದ ಬಂದ ಬೀಗರ ಮರಾಠಿಯೂ ಇಲ್ಲಿಯವರ ಕನ್ನಡವೂ ಹೋಳಿಗೆಯೂ ತುಪ್ಪವೂ ಆಗಿ ಒಂದರೊಳಗೊಂದು ಇಂಗಿ ಹೋಗಿದ್ದವು. ಮಕ್ಕಳು ಕಾಲಿಗೆ ತೊಡರುತ್ತಿದ್ದರು. ಗಂಡಸರು ಹಂದರದ ಆಚೆ ಎಲೆ ಅಡಿಕೆಯ ತಟ್ಟೆ ನಡುವಿಟ್ಟುಕೊಂಡು ದೇಶದ ರಾಜಕಾರಣವನ್ನೂ ಕ್ರಿಕೆಟ್ಟನ್ನೂ ಒಂದೇ ಬಾಯಿಯಲ್ಲಿ ಬಗೆಹರಿಸುತ್ತಿದ್ದರು.

ಈ ಕಲರವದ ನಡುವೆ, ತುಳಸಿಕಟ್ಟೆಯ ಪಕ್ಕ ಹಾಸಿದ ಜಮಖಾನೆಯ ಮೇಲೆ, ಕ್ಲಾರಿನೆಟ್ಟನ್ನು ತುಟಿಗಿಟ್ಟು ಕಣ್ಣು ಮುಚ್ಚಿ ಕೂತಿದ್ದವನೇ ನಮ್ಮ ಮಾಳೇಶ. ಹೊಳೆದಂಡೆಯ ಸತ್ತಿ ಊರಿನವನು. ಅವನ ಎಡಕ್ಕೆ ಬ್ಯಾಂಜೊ ಬಾರಿಸುವ ಗೆಳೆಯ ಇಸ್ರಾರ, ಬಲಕ್ಕೆ ಹಲಗೆ ಹಿಡಿದ ಕಾಡಸಿದ್ದಜ್ಜ. ಅಥಣಿಯಿಂದ ರಾಯಬಾಗದವರೆಗೆ ತಾವು ಮೂವರು ಹೋಗದೆ ರಂಗೇರಿದ ಲಗ್ನವೇ ಇಲ್ಲವೆಂದು ಇಸ್ರಾರ ಹೇಳಿಕೊಳ್ಳುತ್ತಿದ್ದ. ಬ್ಯಾಂಜೊದವರ ಮಾತನ್ನು ಅರ್ಧ ನಂಬಿದರೆ ಸಾಕು. ಆದರೆ ಮಾಳೇಶನ ಉಸಿರಿನ ವಿಷಯಕ್ಕೆ ಬಂದರೆ ಪೂರ್ತಿ ನಂಬಬಹುದು. ಆ ಕರಿಯ ಕೊಳವೆಯೊಳಗೆ ಅವನ ಉಸಿರು ಹೊಕ್ಕಿತೆಂದರೆ, ಊಟದ ಪಂಕ್ತಿಯಲ್ಲಿ ಕೂತವನ ಕೈಯ ತುತ್ತು ಅರೆಗಳಿಗೆ ಬಾಯಿಯ ದಾರಿಯನ್ನೇ ಮರೆಯುತ್ತಿತ್ತು!

ಎರಡು ಹಾಡುಗಳ ನಡುವಿನ ವಿರಾಮದಲ್ಲಿ ಇಸ್ರಾರ ಕಿವಿಯ ಬಳಿ ಬಾಗಿದ.

"ಲೇ ಮಾಳ್ಯಾ, ಕಾಗವಾಡದ ಲಗ್ನದಾವ್ರು ಮತ್ತ ಫೋನ್ ಮಾಡಿದ್ರು. ಬರ್ತೀವಿ ಅನ್ಲೋ, ಇಲ್ಲ ಅನ್ಲೋ?"

"ಆಮ್ಯಾಲ ಹೇಳ್ತೀನಿ," ಎಂದ ಮಾಳೇಶ.

ಆಮೇಲೆ ಹೇಳುವುದೇನಿತ್ತು? ಹೇಳಬೇಕಾದದ್ದನ್ನು ಅವನ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಮರುದಿನದಿಂದ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ; ಈ ಕುಬಸವೇ ಕೊನೆಯ ಕಚೇರಿ. ಕ್ಲಾರಿನೆಟ್ಟನ್ನು ಪೆಟ್ಟಿಗೆಯ ಸಮೇತ ಇಸ್ರಾರನ ಕೈಗಿಟ್ಟು, ಕಲಿಯುವವರು ಯಾರಾದರೂ ಸಿಕ್ಕರೆ ಕೊಡು ಎಂದು ಹೇಳಿ ಕೈ ತೊಳೆದುಕೊಳ್ಳುವುದು. ಹೀಗೆ ನಿಶ್ಚಯಿಸಿದವನ ಎದೆಯಲ್ಲಿ ಆ ಸಂಜೆಯ ಪ್ರತಿಯೊಂದು ಸ್ವರವೂ ತವರಿನಿಂದ ಹೊರಟ ಮಗಳಂತೆ ತಿರುತಿರುಗಿ ನೋಡುತ್ತಿತ್ತು... ಇದೆಲ್ಲ ಯಾರಿಗಾಗಿ? ಆ ಹೆಂಗಸರ ಗುಂಪಿನಲ್ಲಿ, ಜೋಕಾಲಿಯ ಹಗ್ಗ ಹಿಡಿದು ನಿಂತಿದ್ದ ತಿಳಿನೀಲಿ ಸೀರೆಯ ಶೇವಂತಾಳಿಗಾಗಿ. ಅವಳು ಮಾಳೇಶನ ಹೆಂಡತಿ; ಭಾಗ್ಯಾಳಿಗೆ ದೊಡ್ಡವ್ವನ ಮಗಳು.

ಅವರ ಮದುವೆಯಾದದ್ದು ಆ ರೋಗದ ವರ್ಷ. ಊರೂರಿನ ಬಾಗಿಲು ಮುಚ್ಚಿ, ಮನುಷ್ಯರು ಮನುಷ್ಯರ ಉಸಿರಿಗೇ ಹೆದರಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬದುಕಿದ ಕಾಲ! ಅವಳ ತವರೂರು ಅಲಖನೂರಿನ ಅಂಗಳದಲ್ಲಿ ಬೆರಳೆಣಿಕೆಯ ಮಂದಿ ದೂರ ದೂರ ನಿಂತು ಅಕ್ಕಿಕಾಳು ಹಾಕಿದ್ದರು. ಊರವರ ಮದುವೆಗೆಲ್ಲ ಊದಿದವನ ಮದುವೆಯಲ್ಲಿ ಒಂದು ಪೀಪಿಯ ಸದ್ದೂ ಇರಲಿಲ್ಲ. ಮನೆ ತುಂಬಿಸಿಕೊಳ್ಳುವಾಗ ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ" ಎಂದು ಕಾಡಬೇಕಾದ ಅವನ ಅಕ್ಕ ಉಜ್ವಲಾ ಮೀರಜದಲ್ಲಿದ್ದಳು. ಕಾಗವಾಡದ ಬಳಿ ರಾಜ್ಯದ ಗಡಿಯ ಗೇಟು ಮುಚ್ಚಿದ್ದರಿಂದ ತಮ್ಮನ ಲಗ್ನಕ್ಕೇ ಬರಲಾಗದೆ ಫೋನಿನಲ್ಲಿ ಅತ್ತಿದ್ದಳು. ಶೇವಂತಾ ತೆರೆದ ಬಾಗಿಲಿನಲ್ಲಿ ಒಂದು ಕ್ಷಣ ನಿಂತು, ಯಾರೂ ಏನೂ ಕೇಳದಿದ್ದಾಗ, ತಲೆ ತಗ್ಗಿಸಿ ತಾನೇ ಒಳಗೆ ಬಂದಳು.

ಅಂದು ತಗ್ಗಿದ ತಲೆಯ ಅರ್ಥವೇನೆಂದು ಮಾಳೇಶ ಅಂದಿನಿಂದ ಯೋಚಿಸುತ್ತಲೇ ಇದ್ದ. ಅವಳು ಕೆಟ್ಟ ಮಾತಾಡಿದವಳಲ್ಲ, ಮುಖ ಸಿಂಡರಿಸಿದವಳಲ್ಲ. ಆದರೆ ಮಾತು ಕಡಿಮೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು ಇನ್ನೊಂದು: ಅವನು ಪಡಸಾಲೆಯಲ್ಲಿ ಅಭ್ಯಾಸಕ್ಕೆ ಕೂತನೆಂದರೆ ಅವಳು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಪಿಯುಸಿ ಓದಿದ ಹುಡುಗಿ. ಮನೆಮನೆಗೆ ಊದುತ್ತ ತಿರುಗುವವನ ಹೆಂಡತಿ ಎನ್ನಿಸಿಕೊಳ್ಳಲು ನಾಚುತ್ತಾಳೆ ಎಂದು ಅವನು ತಿಳಿದ. ಕೇಳಿದನೇ? ಇಲ್ಲ. ಕೇಳುವ ಧೈರ್ಯವಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಾಪ, ಗಂಡಸರು ಹೊಳೆ ಈಜುತ್ತಾರೆ, ಹೆಂಡತಿಯ ಮುಂದೆ ಒಂದು ಪ್ರಶ್ನೆ ಇಡಲಾರರು!

ಉಡಿ ತುಂಬುವ ಶಾಸ್ತ್ರ ಮುಗಿಯಿತು. ಸಾವಿತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂದರದ ನಡುವೆ ಬಂದು ನಿಂತಳು. ಇನ್ನು ಒಡಪಿನ ಸರದಿ. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಈ ಕಡೆಯ ಹೆಣ್ಣುಮಕ್ಕಳು ಅದನ್ನು ಹಾಡಿನಂಥ ಪ್ರಾಸದ ಮಾತಿನೊಳಗೆ ಹುದುಗಿಸಿ ನಾಲ್ಕು ಮಂದಿಯ ಮುಂದೆ ಹೇಳುವ ಹೊತ್ತು. ಹೆಸರು ಬಿದ್ದ ಕೂಡಲೇ ಕ್ಲಾರಿನೆಟ್ ಒಂದು ಕುಣಿತದ ಸ್ವರ ಎತ್ತಬೇಕು, ಹಲಗೆ ಅದನ್ನು ಹಿಡಿಯಬೇಕು. ಮೊದಲು ಭಾಗ್ಯಾ, ಜೋಕಾಲಿಯಿಂದಲೇ:

"ಹಾಲಿಗೆ ಕೆನಿ ಹೆಚ್ಚ, ಬೆಲ್ಲಕ್ಕ ರುಚಿ ಹೆಚ್ಚ,
ರೂಪೇಶರಾಯರಿಗೆ ನನಗಿಂತ ಮೊಬೈಲ ಹೆಚ್ಚ!"

ಹಂದರವೇ ಹಾರಿಹೋಗುವಂಥ ನಗು! ರೂಪೇಶ ಮೊಬೈಲನ್ನು ಅಂಗಿಯ ಕಿಸೆಗೆ ಸೇರಿಸಿ ಕಿವಿವರೆಗೂ ಕೆಂಪಾದ. ಮಾಳೇಶ ಸ್ವರ ಎತ್ತಿದ, ಕಾಡಸಿದ್ದಜ್ಜನ ಹಲಗೆ ಗುಡುಗಿತು. ಒಬ್ಬರಾದ ಮೇಲೆ ಒಬ್ಬರು ನಾಚುತ್ತ, ನಾಚಿದಂತೆ ನಟಿಸುತ್ತ, ಹೆಸರು ಹೇಳಿದರು. ಪ್ರತಿ ಹೆಸರಿಗೂ ಮಾಳೇಶ ಊದಿದ. ಎಷ್ಟೊಂದು ಗಂಡಂದಿರ ಹೆಸರು ಅವನ ಉಸಿರಿನ ಮೇಲೇರಿ ಮೆರೆದವು! ತನ್ನ ಹೆಸರನ್ನು ಮಾತ್ರ ಅವನು ಹೆಂಡತಿಯ ಬಾಯಿಯಿಂದ ಒಮ್ಮೆಯೂ ಕೇಳಿರಲಿಲ್ಲ.

"ಶೇವಂತಾ, ಈಗ ನೀ ಹೇಳ ಬೇ!" ಸಾವಿತ್ರೆವ್ವ ಅವಳ ಕೈ ಹಿಡಿದು ನಡುವಿಗೆ ಎಳೆದಳು.

ಆಗ ಜಮಖಾನೆಯ ಹಿಂದೆ ಕೂತಿದ್ದ ಇಬ್ಬರು ಹೆಂಗಸರ ಪಿಸುಮಾತು ಮಾಳೇಶನ ಕಿವಿಗೆ ಬಿತ್ತು. "ಇಕೀನ ಏನ, ಊದಾಂವಗ ಕೊಟ್ಟಾಕಿ? ಕಲ್ತಾಕಿ ಅಂತ, ಪಾಪ."

ಅವನು ತನ್ನನ್ನೇ ಬೈದುಕೊಂಡ. ಇಷ್ಟು ಜನರ ನಡುವೆ, ತಾನು ಇಲ್ಲೇ ಊದುತ್ತ ಕೂತಿರುವಾಗ, ತನ್ನ ಹೆಸರನ್ನು ಹೇಳಬೇಕಾದ ಸಂಕಟಕ್ಕೆ ಅವಳನ್ನು ಗುರಿ ಮಾಡಿದೆನಲ್ಲ! ಶೇವಂತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನಡುಗುವ ಧ್ವನಿಯಲ್ಲಿ ಶುರುಮಾಡಿದಳು:

"ಕಬ್ಬಿಗೆ ಗಾಳಿ ಚಂದ, ಹೊಳಿಗೆ ತೆರಿ ಚಂದ..."

ಅಲ್ಲಿಗೆ ನಿಂತಳು. ಒಂದು ಕ್ಷಣ, ಅಷ್ಟೇ. ಆ ಒಂದು ಕ್ಷಣದ ಮೌನವನ್ನು ಮಾಳೇಶ ಲಜ್ಜೆಯೆಂದು ಬಗೆದ, ಅವಮಾನವೆಂದು ಬಗೆದ; ಅವಳನ್ನು ಉಳಿಸಬೇಕೆಂಬ ಅಕ್ಕರೆಯ ಭರದಲ್ಲಿ ಎದೆಯ ಗಾಳಿಯನ್ನೆಲ್ಲ ಒಟ್ಟುಮಾಡಿ ಊದಿಯೇಬಿಟ್ಟ! ಸ್ವರ ಎದ್ದಿದ್ದೇ ತಡ, ಕಾಡಸಿದ್ದಜ್ಜನ ಹಲಗೆಯೂ ಬೆನ್ನಿಗೇ ಎದ್ದಿತು. ಶೇವಂತಾಳ ತುಟಿ ಅಲುಗಿದ್ದು ಕಂಡಿತು, ಮಾತು ಯಾರಿಗೂ ಕೇಳಲಿಲ್ಲ.

"ಏ, ಹೆಸರs ಬಿದ್ದಿಲ್ಲಲೇ! ಊದಾವ್ರಿಗೆ ಭಾಳ ಗಡಿಬಿಡಿ!" ಹೆಂಗಸರು ಬಿದ್ದುಬಿದ್ದು ನಕ್ಕರು.

ಶೇವಂತಾ ನಗಲಿಲ್ಲ. ತಲೆಯೆತ್ತಿ ನೇರವಾಗಿ ಗಂಡನನ್ನು ನೋಡಿದಳು. ಆ ಕಣ್ಣುಗಳಲ್ಲಿ ನೀರೂ ಇತ್ತು, ಸಿಟ್ಟೂ ಇತ್ತು.

"ಸ್ವಲ್ಪ ನಿಲ್ಲಸ್ರಿ," ಎಂದಳು. "ನಾ ಉಸುರು ತಗೊಳ್ಳಾಕ ನಿಂತೆ. ನಡುವ ಉಸುರು ತಗೊಳ್ಳೂದು ನಿಮಗೊಬ್ರಿಗೇ ಏನು?"

ಮಾಳೇಶ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಇಳಿಸಿದ. ಈ ಸಲ ಶೇವಂತಾಳ ಧ್ವನಿ ನಡುಗಲಿಲ್ಲ. ತುಂಬಿದ ಕೊಡ ಹೊತ್ತವಳು ತುಳುಕದಂತೆ ಹೆಜ್ಜೆಯಿಡುವ ಹಾಗೆ ಒಂದೊಂದೇ ಮಾತನ್ನು ಇಟ್ಟಳು:

"ಕಬ್ಬಿಗೆ ಗಾಳಿ ಚಂದ, ಹೊಳಿಗೆ ತೆರಿ ಚಂದ,
ಉಂಡವ್ರಿಗೆ ಹೋಳಿಗಿ ಚಂದ, ನನಗ ಕ್ಲಾರ್ನೆಟ್ ಚಂದ;
ಸೇರು ದಾಟಿ, ಹೊಸ್ತಿಲ ದಾಟಿ, ಬಲಗಾಲಿಟ್ಟು ಬಂದೇನಿ,
ಮಾಳೇಶರಾಯರ ಉಸುರಿನ ಬೆನ್ನ ಹತ್ತಿ ಬಂದೇನಿ!"

ಹೆಸರು ಬಿದ್ದಿತ್ತು. ಈಗ ಊದಬೇಕು. ಕಾಡಸಿದ್ದಜ್ಜ ಕೈ ಎತ್ತಿ ಕಾದ, ಇಸ್ರಾರ ತಂತಿಯ ಮೇಲೆ ಬೆರಳಿಟ್ಟು ಕಾದ... ಆದರೆ ಊದುವವನ ಉಸಿರೇ ಎಲ್ಲೋ ಸಿಕ್ಕಿಕೊಂಡಿತ್ತು! ಆ ಮೌನದಲ್ಲಿ ಸಾವಿತ್ರೆವ್ವ ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು:

"ಇದು ಮನಿ ತುಂಬಿಸಿಕೊಳ್ಳೂವಾಗ ಹೇಳೂ ಒಡಪಲ್ಲೇನ ಶೇವಂತಾ? ಕುಬಸದಾಗ ಯಾಕ ಹೇಳಿದಿ?"

"ಹೌದ್ರಿ ಎವ್ವಾ," ಎಂದಳು ಶೇವಂತಾ ಮೆಲ್ಲಗೆ. "ನಮ್ಮೂರಾಗ ಒಂದು ಲಗ್ನದಾಗ ಇವ್ರು ಊದಿದ್ದು ಕೇಳಿದ್ನಿ. ಆವಾಗs ಕಟ್ಟಿಟ್ಟಿದ್ನಿ. ಬಾಗಲಾಗ ಬಂದು ನಿಂತಾಗ... ಅಡ್ಡ ನಿಂತು ಕೇಳಾವ್ರು ಯಾರೂ ಇರ್ಲಿಲ್ರಿ."

ಪ್ರಿಯ ವಾಚಕರೇ, ಮಾಳೇಶನಿಗೆ ಆಗ ಏನಾಯಿತೆಂದು ಬಣ್ಣಿಸಲು ಹೋಗುವುದಿಲ್ಲ. ತೆರೆದ ಬಾಗಿಲು, ಅದರಲ್ಲಿ ಒಂದು ಕ್ಷಣ ನಿಂತ ಹುಡುಗಿ, ಆಮೇಲೆ ತಗ್ಗಿದ ತಲೆ... ಅಂದು ಅವಳ ಬಾಯ ತುಂಬ ಅವನ ಹೆಸರಿತ್ತು! ಅವನು ಕ್ಲಾರಿನೆಟ್ ಎತ್ತಿದ. ಕುಣಿತದ ಸ್ವರ ಬರಲಿಲ್ಲ. ಬಂದದ್ದು ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವಾಗ ಊದುವ ಆ ನಿಧಾನಗತಿಯ, ಕರುಣಮಧುರವಾದ ಧಾಟಿ. ಕಂಡವರ ಹೊಸ್ತಿಲಲ್ಲೆಲ್ಲ ಊದಿದ್ದ, ಸ್ವಂತ ಹೊಸ್ತಿಲಿಗೆ ಮಾತ್ರ ಬಾಕಿಯಿದ್ದ ಧಾಟಿ! ಹಲಗೆ ತನ್ನ ಗುಡುಗು ಮರೆತು ಮಳೆಹನಿಯಂತೆ ಮಿಡಿಯಿತು. ಜೋಕಾಲಿಯಲ್ಲಿ ಭಾಗ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಕ್ಕಾ, ಒಳಗ ಒದೀತು ನೋಡ!" ಎಂದು ಕೂಗಿದಳು. ಅತ್ತವರು, ನಕ್ಕವರು ಯಾರು ಯಾರೆಂದು ಹೇಳಲಾರದಂತಾಯಿತು. ಪಿಸುಗುಟ್ಟಿದ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಡುವಾಗ ಮಾಳೇಶ ಪೆಟ್ಟಿಗೆಯನ್ನು ಹೆಗಲಿಗೇರಿಸಿದ.

"ಇಸ್ರಾರ, ಕಾಗವಾಡದಾವ್ರಿಗೆ ಬರ್ತೀವಿ ಅಂತ ಹೇಳಪಾ."

"ಆಗ್ಲೇ ಹೇಳೀನಿ," ಎಂದು ಇಸ್ರಾರ ಕಣ್ಣು ಮಿಟುಕಿಸಿದ. "ನಿನ್ನ ಉಸುರು ನಿಂತಿತ್ತಲ್ಲ, ಆವಾಗs ತಿಳೀತು."

ಸತ್ತಿಯ ದಾರಿ ಹಿಡಿದ ಬೈಕಿನ ಎರಡೂ ಬದಿಗೆ ಕಬ್ಬು ಕತ್ತಲಾಗುತ್ತಿತ್ತು. ಪಡುವಣದಲ್ಲಿ ಇನ್ನೂ ಒಂದು ಕೇಸರಿ ಗೆರೆ. ಶೇವಂತಾ ಎಂದಿನಂತೆ ಹಿಂದಿನ ಕಂಬಿಯನ್ನು ಹಿಡಿಯದೆ ಅವನ ಹೆಗಲು ಹಿಡಿದಿದ್ದಳು. ಬಹಳ ದೂರ ಹೋದ ಮೇಲೆ ಅವನು ಕೊನೆಗೂ ಕೇಳಿದ:

"ನಾ ಊದಾಕ ಕುಂತ್ರ ನೀ ಹಿತ್ತಲಕ್ಕ ಯಾಕ ಹೋಗ್ತಿದ್ದಿ?"

"ಒಳಗ ಕುಂತ್ರ ನೀವೊಬ್ರ ಊದತೀರಿ," ಎಂದಳು ಅವಳು. "ಹಿತ್ತಲದಾಗ ಕುಂತ್ರ ಹೊಳಿ ಆಚಿ ದಂಡಿನೂ ತಿರುಗಿ ಊದತೈತಿ. ಎರಡೆರಡು ಸಲ ಕೇಳಸ್ತೈತ್ರಿ."

ಮನೆ ಬಂತು. ಅವನು ಮುಂದಾಗಿ ಹೋಗಿ ಕೀಲಿ ತೆಗೆದು, ದೇವರ ಮುಂದೆ ದೀಪ ಹಚ್ಚಿದ. ಅಡುಗೆಮನೆಯಿಂದ ಸೇರಿನ ತುಂಬ ಅಕ್ಕಿ ತಂದು ಹೊಸ್ತಿಲ ಮೇಲಿಟ್ಟ. ಆಮೇಲೆ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈಯೂರಿ ಅಡ್ಡ ನಿಂತ.

"ಅಕ್ಕನ ಪಾಳಿ ಇವತ್ತ ನಾ ಮಾಡ್ತೀನಿ. ಹೆಸರು ಹೇಳು, ಒಳಗ ಬಾ."

ಶೇವಂತಾ ನಕ್ಕಳು, ನಗುತ್ತಲೇ ಕಣ್ಣೀರಾದಳು. ಈ ಬಾರಿ ಒಡಪಿರಲಿಲ್ಲ, ಪ್ರಾಸವಿರಲಿಲ್ಲ, ಕೇಳುವವರೂ ಇರಲಿಲ್ಲ. "ಮಾಳೇಶ," ಎಂದು ಬರಿಯ ಹೆಸರನ್ನೇ ಹೇಳಿದಳು, ಬಾಳಿನಲ್ಲಿ ಮೊದಲ ಸಲ. ಬಲಗಾಲಿನಿಂದ ಸೇರನ್ನು ಮೆಲ್ಲಗೆ ಒದ್ದಳು. ಅಕ್ಕಿ ದೀಪದ ಬೆಳಕಿನಲ್ಲಿ ಪಡಸಾಲೆಯ ತುಂಬ ಚೆಲ್ಲಿತು.

ಮನುಷ್ಯರ ಎದೆಯೊಳಗೆ ಹೇಳದೆ ಉಳಿದ ಎಷ್ಟೋ ಸವಿಮಾತುಗಳು ಪ್ರೀತಿಯಿಲ್ಲದೆ ಉಳಿದವಲ್ಲ, ಸಹೃದಯರೇ! ಯಾರೋ ಬಂದು ಬಾಗಿಲಿಗೆ ಅಡ್ಡ ನಿಂತು ಕೇಳಲಿ ಎಂದು ಕಾದು ಕೂತಂಥವು ಅವು. ಕೇಳದೆ ದಾರಿ ಬಿಡುವುದೇ ದೊಡ್ಡತನವೆಂದು ನಾವು ತಿಳಿದಿರುತ್ತೇವೆ. ಒಮ್ಮೊಮ್ಮೆ ಅಡ್ಡ ನಿಲ್ಲುವುದೂ ಒಲವೇ...