ಯಜಮಾನರು ಆರಿಸಿದ ಟ್ರಾನ್ಸ್‌ಫಾರ್ಮರ್

ರಾಯದುರ್ಗದಲ್ಲಿ ಜೀನ್ಸ್ ಬಟ್ಟೆಯ ತುಂಡನ್ನೂ ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಮ್ಮ ಹೊಲಿಗೆ ಯೂನಿಟ್ಟಿನ ಯಜಮಾನ ದೊಡ್ಡಮಲ್ಲಪ್ಪನವರು ಇನ್ನೂ ಒಂದು ಹೆಜ್ಜೆ ಮುಂದೆ. ಮೋಟಾರು, ಕತ್ತರಿ, ಗೋಡೆ ಗಡಿಯಾರ, ಏನೇ ಇರಲಿ, ಅಂಗೈಯಲ್ಲಿ ತೂಗಿ ನೋಡಿಯೇ ಒಳ್ಳೆಯದೋ ಕೆಟ್ಟದ್ದೋ ಹೇಳುವವರು. ಅವರ ಮುಂದೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಜೇಬು ಹೊಲಿಯುವ ಗುರುಬಸಮ್ಮ, ಅಂದರೆ ನಾನೂ ಅಷ್ಟೆ.

ಆ ವರ್ಷ ದಿನಕ್ಕೆ ಆರು ತಾಸು ಕರೆಂಟ್ ಇರುತ್ತಿರಲಿಲ್ಲ. ನನ್ನ ಪಕ್ಕದ ಮೆಷಿನ್ನಿನ ತ್ರಿವೇಣಿ ಐಟಿಐ ಓದಿದವಳು. ಬ್ಯಾಟರಿಯಿಂದ ನಾಲ್ಕು ಮೆಷಿನ್ ಓಡಿಸುವ ಸರ್ಕ್ಯೂಟ್ ಮಾಡಿಕೊಡುತ್ತೇನೆ ಎಂದಳು. ಅದು ನಡೆದರೆ ಮೆಕ್ಯಾನಿಕ್ ಕೆಲಸ ಅವಳಿಗೇ ಎಂದು ಯಜಮಾನರು ಮಾತು ಕೊಟ್ಟರು. ಹೊಲಿದು ಹೊಲಿದು ಅವಳ ಬಲಭುಜ ಮೇಲಕ್ಕೆ ಏಳುತ್ತಿರಲಿಲ್ಲ. ಆ ಕೆಲಸ ಅವಳಿಗೆ ಸಿಗಲಿ ಎಂದು ನಾನೇ ಹರಕೆ ಹೊತ್ತಿದ್ದೆ.

ಬ್ಯಾಟರಿಯ ನಲವತ್ತೆಂಟು ವೋಲ್ಟನ್ನು ಮುನ್ನೂರು ದಾಟಿಸಲು ಅವಳು ತಂದ ಟ್ರಾನ್ಸ್‌ಫಾರ್ಮರ್ ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟಿತ್ತು. ಯಜಮಾನರು ಅಂಗೈಯಲ್ಲಿ ತೂಗಿ ಕೆಳಗಿಟ್ಟರು. ಗುಜರಿಯಿಂದ ಹಳೇ ಸ್ಟೆಬಿಲೈಸರಿನ ನಾಲ್ಕು ಕೆಜಿಯ ಕಬ್ಬಿಣದ ಟ್ರಾನ್ಸ್‌ಫಾರ್ಮರನ್ನು ತರಿಸಿ, ಇದನ್ನೇ ಹಾಕು ಎಂದರು. ಅದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಹೊರಳುವ ಲೈನ್ ಕರೆಂಟಿಗೆ ಸರಿ, ಈ ಸರ್ಕ್ಯೂಟಿನಲ್ಲಿ ನಲವತ್ತು ಸಾವಿರ ಸಲ ಹೊರಳುತ್ತದೆ, ಕಬ್ಬಿಣ ಕಾದು ಸುಟ್ಟುಹೋಗುತ್ತದೆ, ಇಷ್ಟು ವೇಗಕ್ಕೆ ಕಪ್ಪು ಪಿಂಗಾಣಿಯಂಥ ಫೆರೈಟಿನ ಚಿಕ್ಕದೇ ಸಾಕು ಎಂದು ತ್ರಿವೇಣಿ ಎರಡು ಸಲ ಬಿಡಿಸಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಅವಳು ಆಯ್ತ್ರಿ ಎಂದು ಎರಡನ್ನೂ ಸರ್ಕ್ಯೂಟಿನ ಡಬ್ಬಿಯೊಳಗೆ ಕೂರಿಸಿದಳು. ವೈರ್ ಕೊಟ್ಟಿದ್ದು ಚಿಕ್ಕದಕ್ಕೆ ಮಾತ್ರ. ನೋಡಿದವಳು ನಾನೊಬ್ಬಳೇ.

ಮರುದಿನ ಹತ್ತು ಗಂಟೆಗೆ ಕರೆಂಟ್ ಹೋಯಿತು. ಬ್ಯಾಟರಿಗೆ ಕೊಟ್ಟ ನಾಲ್ಕು ಮೆಷಿನ್ ನಿಲ್ಲಲಿಲ್ಲ. ಯಜಮಾನರು ಡಬ್ಬಿಯ ಮೇಲೆ ಕೈಯಿಟ್ಟು, ಮುಖ್ಯವಾದ ಸಾಮಾನು ತಾವೇ ಆರಿಸಿದ್ದು, ಉಳಿದಿದ್ದು ಬರೀ ವೈರ್ ಜೋಡಿಸುವ ಕೆಲಸ, ಮೆಕ್ಯಾನಿಕ್ ಆಗಿ ಗುಮ್ಮಘಟ್ಟದಿಂದ ತಮ್ಮ ಅಳಿಯ ಬರುತ್ತಾನೆ ಎಂದರು.

ತ್ರಿವೇಣಿ ಡಬ್ಬಿಯ ಮುಚ್ಚಳ ಬಿಚ್ಚಿದಳು. ಕಬ್ಬಿಣದ್ದನ್ನು ಎಡಗೈಯಲ್ಲಿ ಎತ್ತಿ ಯಜಮಾನರ ಎರಡೂ ಕೈಗೆ ಕೊಟ್ಟಳು.

"ನೀವು ಆರಿಸಿದ್ದು ಇದು ನೋಡ್ರಿ. ತೂಕ ಸರಿ ಐತಿಲ್ಲ?"

ಮೆಷಿನ್‌ಗಳು ಓಡುತ್ತಲೇ ಇದ್ದವು. ಯಜಮಾನರು ಡಬ್ಬಿ ನೋಡಿದರು, ಮೆಷಿನ್ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು.

"ಅಳಿಯಗ ಬರಬ್ಯಾಡ ಅಂತ ಹೇಳ್ತೀನವ್ವ," ಎಂದರು.

ಫೋನ್ ಮಾಡಲು ಅವರ ಕೈ ಖಾಲಿ ಇರಲಿಲ್ಲ. ನಾನೇ ನಂಬರ್ ಒತ್ತಿ ಅವರ ಕಿವಿಗೆ ಹಿಡಿದೆ.