ಆ ಭಾನುವಾರ ಮಲಗಿದ್ದವರ ಲೆಕ್ಕ

ಕೋಲ್ಮನ್‌ಗೆ ಕಳೆದ ಜೂನ್‌ನಲ್ಲಿ ನೂರು ತುಂಬಿತು. ನೂರು ತುಂಬಿದವರಿಗೆಲ್ಲ ಬರುವ ರಾಷ್ಟ್ರಪತಿಗಳ ಪತ್ರ ಬಂತು, ಪಾದ್ರಿಗಳು ಬಂದು ಕೇಕು ತಿಂದು ಹೋದರು, ಊರಿಗೆ ಊರೇ ಬಂದು ಕೈಕುಲುಕಿತು. ಮುದುಕನಿಗೆ ಅದ್ಯಾವುದೂ ಬೇಕಿರಲಿಲ್ಲ. "ನಂದು ನೂರು ಆಯ್ತು. ಸರ್ಕಾರದ್ದು ಯಾವಾಗ ಆಗತ್ತೆ?" ಅಂತ ಮಗಳು ನೋರೀನ್‌ಳ ಜೀವ ತಿನ್ನುತ್ತಿದ್ದ.

ಸರ್ಕಾರದ್ದು ಅಂದರೆ ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿಯ ಖಾನೇಷುಮಾರಿ, ಜನಗಣತಿ. ನೂರು ವರ್ಷ ಆಗುವ ತನಕ ಅದನ್ನು ಯಾರ ಕಣ್ಣಿಗೂ ಬೀಳಿಸುವಂತಿಲ್ಲ ಅಂತ ಐರ್ಲೆಂಡಿನ ಕಾನೂನು. ಎಪ್ಪತ್ತರ ಹತ್ತಿರ ಇದ್ದಾಗಲೇ ಕೋಲ್ಮನ್ ಡಬ್ಲಿನ್‌ನ ಸರ್ಕಾರಿ ಕಚೇರಿಗೆ ಹೋಗಿ ಜಗಳ ಆಡಿ ಬಂದಿದ್ದ. "ನಾನಿದ್ದ ಮನೆ ಹಾಳೆ ನಂಗೆ ತೋರಿಸೋಕೆ ನಿಮಗೇನು ಧಾಡಿ?" ಅಂದಿದ್ದಕ್ಕೆ ಕಿಟಕಿಯ ಆಚೆಯವನು, "ಬದುಕಿರೋರ ಗುಟ್ಟು ಕಾಪಾಡ್ಬೇಕಲ್ಲ ಯಜಮಾನ್ರೇ" ಅಂದ. ಕೇಳುತ್ತಿರುವವನೂ ಬದುಕಿರುವವನೇ ಅನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಕೋಲ್ಮನ್ ಹುಟ್ಟಿದ್ದು ಬಡವರ ಆಸ್ಪತ್ರೆಯಲ್ಲಿ. ತಾಯಿ ಡೀಲಿಯಾ ಗಿಲ್ಹೂಲಿ, ಮದುವೆಯಾಗದ ಹುಡುಗಿ. ಜನನಪತ್ರದಲ್ಲಿ ಅಷ್ಟೇ ಇತ್ತು, ಊರಿಲ್ಲ, ಕೇರಿಯಿಲ್ಲ. ಲೀಟ್ರಿಮ್ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ಗಿಲ್ಹೂಲಿಗೆ ತಗಲುತ್ತದೆ, ಯಾರನ್ನು ಅಂತ ಕೇಳುವುದು? ಎಳೆಗೂಸಾಗಿದ್ದಾಗಲೇ ಅವನನ್ನು ಟಾನ್ಸಿ ಅನ್ನುವವರ ಮನೆಗೆ ಸಾಕಲು ಕೊಟ್ಟರು. ಊರವರ ಬಾಯಲ್ಲಿ ಇವತ್ತಿಗೂ ಅವನು ಟಾನ್ಸಿ ಮನೆ ಹುಡುಗನೇ. ಸಾಕಿದ ಮಿಸೆಸ್ ಟಾನ್ಸಿಯನ್ನು ಅವನು ಅವ್ವ ಅನ್ನುತ್ತಿದ್ದ. ಅವಳೂ ಹಾಗೇ ಸಾಕಿದಳು, ತನ್ನ ಮಕ್ಕಳಿಗಿಂತ ಒಂದು ತುತ್ತು ಹೆಚ್ಚಾಗಿಯೇ. ಹೆತ್ತವಳ ಮಾತು ಬಂದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದಳು. "ನಿನ್ನ ಹೆತ್ತ ವಾರಕ್ಕೇ ಅಮೆರಿಕದ ಹಡಗು ಹತ್ತಿದ್ಲು ಕಣೋ. ಒಂದ್ಸಲಾನಾದ್ರೂ ಹಿಂತಿರುಗಿ ನೋಡಿದ್ಲಾ?"

ಅವನು ನಂಬಿದ. ನಂಬದೆ ಏನು? ನಮ್ಮಲ್ಲಿ ಕಣ್ಮರೆಯಾದವರೆಲ್ಲ ಅಮೆರಿಕಕ್ಕೇ ಹೋಗಿರುತ್ತಾರೆ. ಅಲ್ಲಿಯವರು ಜನಗಣತಿಯ ಬೀಗ ನಮಗಿಂತ ಬೇಗ ತೆಗೆಯುತ್ತಾರೆ. ಅಪ್ಪ ಮಗಳು ಇಬ್ಬರೂ ಬಾಸ್ಟನ್, ನ್ಯೂಯಾರ್ಕ್, ಷಿಕಾಗೊ ಅಂತ ಆ ಗಣತಿಯ ಹಾಳೆಗಳಲ್ಲೇ ಬೀದಿ ಬೀದಿ ಜಾಲಾಡಿದರು. ಸಿಕ್ಕ ಒಬ್ಬೊಬ್ಬ ಡೀಲಿಯಾಳಿಗೂ ಬೇರೆ ಯಾರೋ ಮಕ್ಕಳಿದ್ದರು. "ಹೋಗ್ಲಿ, ಹೆತ್ತು ಬಿಸಾಕಿ ಹೋದೋಳನ್ನ ಏನು ಹುಡುಕೋದು" ಅನ್ನುತ್ತಿದ್ದ ಕೋಲ್ಮನ್. ಮಾರನೆಯ ದಿನ ಮತ್ತೆ ಕನ್ನಡಕ ಒರೆಸಿಕೊಂಡು ಕೂರುತ್ತಿದ್ದ.

ಅಂತೂ ಏಪ್ರಿಲ್‌ನಲ್ಲಿ ಸರ್ಕಾರದ ನೂರೂ ತುಂಬಿತು. ಬೆಳಿಗ್ಗೆಯೇ ಅಡುಗೆಮನೆ ಮೇಜಿನ ಮೇಲೆ ನೋರೀನ್ ಲ್ಯಾಪ್‌ಟಾಪ್ ತೆರೆದಳು.

"ಬೇಗ ನೋಡೇ ಮಾರಾಯ್ತಿ, ಇನ್ನೊಂದು ನೂರು ಮಾಡ್ಬೇಡ."

"ಸಿಕ್ತಪ್ಪ! ಟಾನ್ಸಿ ಮನೆ. ಯಜಮಾನ, ಹೆಂಡ್ತಿ, ಮೂರು ಮಕ್ಕಳು. ಇಗೋ ನೀನು! ಕೋಲ್ಮನ್ ಗಿಲ್ಹೂಲಿ, ಹತ್ತು ತಿಂಗಳು, ಸಾಕುಕೂಸು."

"ಹಲ್ಲಿಲ್ಲ ಅಂತ ಬರೆದಿದಾರಾ? ಈಗ್ಲೂ ಇಲ್ಲ" ಅಂದು ನಕ್ಕ.

ನೋರೀನ್ ನಗಲಿಲ್ಲ. ಕೂಸಿನ ಹೆಸರಿನ ಕೆಳಗೆ ಇನ್ನೊಂದು ಸಾಲು ಇತ್ತು. ಅವಳು ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಗಟ್ಟಿಯಾಗಿ ಓದಿದಳು. "ಡೀಲಿಯಾ ಗಿಲ್ಹೂಲಿ. ಹತ್ತೊಂಬತ್ತು ವರ್ಷ. ಮದುವೆ ಇಲ್ಲ. ಮನೆಗೆಲಸದವಳು. ಹುಟ್ಟೂರು ಡ್ರಮಗೋನಿ. ಅತಿಥಿ."

ಆ ಗಣತಿಯ ಕ್ರಮವೇ ಹಾಗಿತ್ತು. ಗೊತ್ತುಮಾಡಿದ ಭಾನುವಾರ ರಾತ್ರಿ ಒಂದು ಸೂರಿನ ಕೆಳಗೆ ಯಾರು ಯಾರು ಮಲಗಿದ್ದರೋ ಅವರೆಲ್ಲರ ಹೆಸರನ್ನೂ ಬರೆಯಬೇಕು, ನೆಂಟನಾಗಲಿ, ತಿರುಕನಾಗಲಿ. ಹಾಳೆ ಕೇಳಲು ಬರುವವನು ಪೊಲೀಸಿನವನು. ಮಗುವಿಗೆ ಏನು ಬೇಕಾದರೂ ಹೇಳಬಹುದು, ಪೊಲೀಸಿನವನಿಗೆ ಸುಳ್ಳು ಬರೆದುಕೊಡಲು ಟಾನ್ಸಿಯವರಿಗೆ ಧೈರ್ಯ ಸಾಲಲಿಲ್ಲ.

"ಅಮೆರಿಕದಿಂದ ಭಾನುವಾರದ ಊಟಕ್ಕೆ ಬಂದಿದ್ಲೇನೇ?" ಅಂದ ಕೋಲ್ಮನ್. ಆಮೇಲೆ ಪರದೆಯ ಹತ್ತಿರಕ್ಕೆ ಬಾಗಿದ. "ನೋರೀನ್, ಅವತ್ತು ರಾತ್ರಿ ನನ್ನ ಪಕ್ಕದಲ್ಲೇ ಮಲಗಿರ್ತಾಳೆ, ಅಲ್ವಾ?"

"ಹೌದಪ್ಪ. ಇನ್ನೆಲ್ಲಿ ಮಲಗ್ತಾಳೆ?"

ಡ್ರಮಗೋನಿ ಬೆಟ್ಟದ ಆಚೆ, ಪಕ್ಕದ ಜಿಲ್ಲೆ. ಆ ಕಡೆಯವರ ಸಂತೆ ಬೇರೆ, ಚರ್ಚು ಬೇರೆ, ಈ ಕಡೆಯವರು ಅತ್ತ ಹೋಗುವುದೇ ಅಪರೂಪ. ನೋರೀನ್ ಫೋನ್ ಹಿಡಿದು ಹಿತ್ತಲಿಗೆ ಹೋದಳು. ಅಲ್ಲಿನ ಅಂಗಡಿಯ ಅಟ್ರಾಕ್ಟಾ ಅನ್ನುವ ಹೆಂಗಸು ಎತ್ತಿದಳು, ಹೆಸರು ಕೇಳಿದ್ದೇ ತಡ ಶುರುಮಾಡಿದಳು.

"ಡೀಲಿಯಾನಾ? ಅಯ್ಯೋ, ನಮ್ಮ ಡೀಲಿಯಾ! ಪಾದ್ರಿ ಮನೇಲಿ ಅಡುಗೆ ಮಾಡ್ಕೊಂಡಿದ್ಲು. ಮದುವೆ ಇಲ್ಲ, ಮನೆ ಇಲ್ಲ. ತೊಂಬತ್ತೆಂಟನೇ ಇಸವೀಲಿ ತೀರ್ಕೊಂಡ್ಲು ಪಾಪ."

"ಅಮೆರಿಕಕ್ಕೇನಾದ್ರೂ ಹೋಗಿದ್ರಾ?"

"ಅವಳೆಲ್ಲಿ ಹೋಗ್ತಾಳಮ್ಮಾ! ಹೋಗಿದ್ದು ಅವಳ ಮಗ. ಸಾಕೋಕೆ ಇಸ್ಕೊಂಡಿದ್ದೋಳು ಅವನನ್ನ ಯಾರೋ ಅಮೆರಿಕದ ಗಂಡ ಹೆಂಡ್ತಿಗೆ ಕೊಟ್ಬಿಟ್ಟೆ, ಇನ್ನು ಬರ್ಬೇಡ ಅಂದ್ಲಂತೆ. ರಜಕ್ಕೆ ಅಮೆರಿಕದೋರು ಯಾರು ಬರ್ಲಿ, ಇವಳು ಓಡ್ಹೋಗಿ ಕೇಳೋಳು, ಅಲ್ಲೆಲ್ಲಾದ್ರೂ ಕೋಲ್ಮನ್ ಅನ್ನೋನು ಇದಾನಾ ಅಂತ. ನಾವು ನಗ್ತಿದ್ವಿ, ದೇವರು ಕ್ಷಮಿಸ್ಲಿ."

ನೋರೀನ್ ಫೋನ್ ಇಟ್ಟು ಲೆಕ್ಕ ಹಾಕಿದಳು. ತೊಂಬತ್ತೆಂಟು! ಅಪ್ಪ ಡಬ್ಲಿನ್‌ನ ಕಿಟಕಿಯ ಮುಂದೆ ಕೂಗಾಡಿದಾಗ ಅವಳು, ಎಂಬತ್ತು ದಾಟಿದ ಮುದುಕಿ, ಬೆಟ್ಟದ ಆಚೆ ಪಾದ್ರಿಗೆ ಇನ್ನೂ ಆಲೂಗಡ್ಡೆ ಬೇಯಿಸುತ್ತಿದ್ದಳು. ಆ ಒಂದು ಹಾಳೆ ಅವತ್ತು ತೋರಿಸಿದ್ದರೆ ಸಂಜೆಯೊಳಗೆ ತಾಯಿ ಮಗ ಎದುರು ಬದುರು ಕೂತಿರುತ್ತಿದ್ದರು. ಯಾರ ಗುಟ್ಟನ್ನು ಯಾರಿಂದ ಕಾಪಾಡಿದರು ಇವರು, ಇವರ ಕಾನೂನಿಗೆ ಬೆಂಕಿ ಬೀಳ! ಒಳಗೆ ಹೋಗಿ ಇದನ್ನೆಲ್ಲ ಹೇಳುವುದೋ, ಇಲ್ಲಾ ಅರ್ಧ ನುಂಗಿಬಿಡುವುದೋ? ನೂರು ವರ್ಷದ ಎದೆ, ಒಡೆದು ಹೋದರೆ? ಆದರೆ ಅವನಿಗೆ ಹೇಳಿದ ಸುಳ್ಳುಗಳು ಸಾಕಷ್ಟಾಗಿದ್ದವು. ಒಂದೂ ಬಿಡದೆ ಹೇಳಿದಳು.

ಕೋಲ್ಮನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಅವ್ವ ಹಂಗ್ ಮಾಡಿದ್ಲಾ?" ಅಂದ. "ನಂಗೆ ಜ್ವರ ಬಂದ್ರೆ ನೆಲದ ಮೇಲೆ ಕೂತು ಬೆಳಗು ಮಾಡ್ತಿದ್ಲು ಕಣೇ. ಬಿಟ್ಕೊಡೋಕೆ ಮನಸ್ಸು ಬರ್ಲಿಲ್ಲ ಅನ್ಸತ್ತೆ." ಮತ್ತೆ ತಾನೇ, "ಬೈಯ್ಯೋಣ ಅಂದ್ರೆ ಬಾಯಿ ಬರಲ್ಲ" ಅಂದ. ಆಮೇಲೆ ಮೇಜು ಹಿಡಿದು ಎದ್ದ. "ಕೋಟು ಕೊಡು."

"ಊಟ ಮಾಡ್ಕೊಂಡು ಹೋಗೋಣಪ್ಪ, ತುಂಬಾ ಸುಸ್ತಾಗಿದೀಯ."

"ಕೋಟು ಕೊಡೇ ಅಂದೆ."

ಕಾರು ಹೊರಟಿತು. ಹೊಲಗಳು ಕಳೆದವು, ಏರು ಬಂತು, ಬೆಟ್ಟದ ನೆತ್ತಿಯಲ್ಲಿ ಕುರಿಗಳು ದಾರಿ ಬಿಟ್ಟವು, ಇಳಿಜಾರು ಬಂತು. ಮುದುಕ ಕಾಲು ಚಾಚಿ ಕೋಟನ್ನು ಮೊಣಕಾಲ ಮೇಲೆ ಹೊದ್ದು, ದೂರದ ಪ್ರಯಾಣಕ್ಕೆ ಅನ್ನುವಂತೆ ಒರಗಿದ್ದ. ಕೊಂಚ ಹೊತ್ತಿಗೇ ನೋರೀನ್ ಚರ್ಚಿನ ಗೋಡೆ ಪಕ್ಕ ಕಾರು ನಿಲ್ಲಿಸಿದಳು.

"ಯಾಕೆ ನಿಲ್ಲಿಸ್ದೆ?"

"ಬಂತಪ್ಪ."

"ಏನು ಬಂತು?"

"ಡ್ರಮಗೋನಿ. ಇಲ್ಲೇ ಇದಾಳೆ ಅಜ್ಜಿ."

ಅವನು ಕಿಟಕಿಯಿಂದ ಹಿಂದಕ್ಕೆ ತಿರುಗಿ ಇಳಿದು ಬಂದ ಬೆಟ್ಟವನ್ನು ನೋಡಿದ, ಮುಂದಿನ ಸಮಾಧಿ ಕಲ್ಲುಗಳನ್ನು ನೋಡಿದ.

"ಇಷ್ಟೇನಾ?" ಅಂದ. "ಇಷ್ಟೇ ದೂರಾನಾ ನೋರೀನ್?" ಎರಡೂ ಕೈ ಮುಖಕ್ಕೆ ಮುಚ್ಚಿಕೊಂಡು, ನೂರು ವರ್ಷದ ಮುದುಕ, ಗೋಳೋ ಅಂತ ಅತ್ತುಬಿಟ್ಟ.